ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಕಡಲಕಳೆ ಬೆಳೆಸುವ ಕ್ರಮ

ಉಪ್ಪುನೀರಿನ ಅಲಂಕಾರಿಕ ಮೀನು ಸಾಕುವವರನ್ನು ಹೆಚ್ಚಾಗಿ ಕಾಡುವ ತೊಂದರೆಯೆಂದರೆ ತೊಟ್ಟಿಯ ನೀರಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಶೇಖರಗೊಳ್ಳುವುದು. ಮೀನಿನ ಮಲ ಹಾಗೂ ಉಳಿದ ಆಹಾರದಿಂದ ಬರುವ ಈ ಪೋಷಕಾಂಶಗಳನ್ನು ಕಡಲಕಳೆಯು ಹೀರಿ ಬೆಳೆಯುತ್ತದೆ. ಬೆಳೆದುದನ್ನು ಕಟಾವು ಮಾಡಿ ತೆಗೆದಾಗ ಮಾತ್ರ ಅವು ತೊಟ್ಟಿಯಿಂದ ಹೊರಹೋಗುತ್ತವೆ ಎಂಬುದನ್ನು ನೆನಪಿಡಿ.

ತಳಿಯ ಆಯ್ಕೆ
ಹೊಸಬರಿಗೆ ಹಸಿರು ದಾರದ ಉಂಡೆಯಂತಿರುವ ಕೀಟೋಮಾರ್ಫಾ ಸೂಕ್ತ. ಇದು ಕಲ್ಲಿಗೆ ಅಂಟದ ಕಾರಣ ತೆಗೆಯುವುದು ಸುಲಭ. ಕೆಂಪು ಬಣ್ಣದ ಗ್ರಾಸಿಲೇರಿಯಾ ಮೀನಿಗೆ ಮೇವೂ ಆಗುತ್ತದೆ. ಕಾಲರ್ಪಾ ವೇಗವಾಗಿ ಬೆಳೆದರೂ ಕೆಲವೊಮ್ಮೆ ಹಠಾತ್ತನೆ ಬಿಳಿಚಿ ಸತ್ತು, ಹೀರಿದ ಪೋಷಕಾಂಶಗಳನ್ನು ನೀರಿಗೇ ಮರಳಿಸುತ್ತದೆ.

ನೀರು
• ಆರ್.ಓ. ನೀರಿಗೆ ಅಕ್ವೇರಿಯಂನ ಸಮುದ್ರ ಲವಣ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂ ಬೆರೆಸಿ. ಅಡುಗೆ ಉಪ್ಪು ಇದಕ್ಕೆ ಬದಲಿಯಲ್ಲ.
• ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 24–27 ಡಿಗ್ರಿ ಸೆಲ್ಸಿಯಸ್, ರಸಸಾರ 8.1–8.4 ಇರಲಿ.
• ಆವಿಯಾಗುವುದು ನೀರು ಮಾತ್ರ, ಲವಣವಲ್ಲ. ಆದ್ದರಿಂದ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಿ.

ಬೆಳಕು ಮತ್ತು ಹರಿವು
ಮೀನು ತಿನ್ನದಂತೆ ಪ್ರತ್ಯೇಕ ಅಂಕಣದಲ್ಲಿ ಒಂದು ಹಿಡಿ ಕಳೆಯನ್ನು ಬಿಡಿ. ಬಿಳಿ ಎಲ್‌ಇಡಿ ದೀಪವನ್ನು 10–12 ಗಂಟೆ ಉರಿಸಿ. ಮುಖ್ಯ ತೊಟ್ಟಿಯ ದೀಪ ಆರಿದ ರಾತ್ರಿ ವೇಳೆಯಲ್ಲಿ ಇದನ್ನು ಉರಿಸಿದರೆ ರಸಸಾರದ ಇಳಿತ ತಗ್ಗುತ್ತದೆ. ನೀರು ಸದಾ ಹರಿಯುತ್ತಿರಲಿ. ಉಂಡೆಯನ್ನು ವಾರಕ್ಕೊಮ್ಮೆ ಮಗುಚಿ.

ಪೋಷಣೆ
ಕಳೆ ಬಿಳಿಚಿದರೆ ಮೊದಲು ನೀರನ್ನು ಪರೀಕ್ಷಿಸಿ. ನೈಟ್ರೇಟ್ ಶೂನ್ಯವಿದ್ದರೆ ಸಾರಜನಕದ ಕೊರತೆಯಿದೆ. ನೈಟ್ರೇಟ್, ಫಾಸ್ಫೇಟ್ ಎರಡೂ ಇದ್ದು ಬಿಳಿಚಿದರೆ ಕಬ್ಬಿಣದ ಕೊರತೆಯನ್ನು ಶಂಕಿಸಬಹುದು. ಯೂರಿಯಾ ಅಥವಾ ಡಿಎಪಿಯನ್ನು ಎಂದಿಗೂ ಹಾಕಬೇಡಿ. ರಸಸಾರ 8ಕ್ಕಿಂತ ಹೆಚ್ಚಿರುವ ನೀರಿನಲ್ಲಿ ಅಮೋನಿಯಾ ಮೀನುಗಳಿಗೆ ಹೆಚ್ಚು ವಿಷಕಾರಿ. ತಾಮ್ರವೂ ಕಳೆಗೆ ಮಾರಕ. ಬೋರ್ಡೋ ದ್ರಾವಣ ಮುಟ್ಟಿದ ಕೈಯನ್ನು ತೊಟ್ಟಿಗೆ ಹಾಕಬೇಡಿ.

ಕಟಾವು
ಅಂಕಣ ತುಂಬಿದಾಗ ಮೂರನೆಯ ಒಂದು ಭಾಗದಿಂದ ಅರ್ಧದಷ್ಟನ್ನು ತೆಗೆಯಿರಿ. ಒಮ್ಮೆಗೇ ಪೂರ್ತಿ ತೆಗೆದರೆ ನೈಟ್ರೇಟ್ ಮತ್ತೆ ಏರುತ್ತದೆ.

ವಿಲೇವಾರಿ: ವಿಶೇಷ ಎಚ್ಚರಿಕೆ
ಅಕ್ವೇರಿಯಂನಿಂದ ಹೊರಬಿದ್ದ ಕಾಲರ್ಪಾ ಟ್ಯಾಕ್ಸಿಫೋಲಿಯಾ 1984ರಲ್ಲಿ ಮೊನಾಕೊ ತೀರದಲ್ಲಿ ಕಾಣಿಸಿಕೊಂಡು, ಮುಂದೆ ಮೆಡಿಟರೇನಿಯನ್ ಸಮುದ್ರದಲ್ಲಿ ವಿಸ್ತಾರವಾಗಿ ಹರಡಿತು. 2000ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಡ ಇದೇ ಕಳೆಯ ನಿರ್ಮೂಲನೆಯನ್ನು ಘೋಷಿಸಲು 2006ರವರೆಗೆ ಕಾಯಬೇಕಾಯಿತು. ಅದರ ಒಂದು ಚೂರೂ ಹೊಸ ಗಿಡವಾಗಬಲ್ಲದು. ಅಲಂಕಾರಕ್ಕೆಂದು ತಂದ ವಾಟರ್ ಹಯಸಿಂತ್ ನಮ್ಮ ಕೆರೆಗಳನ್ನು ಮುಚ್ಚಿದ್ದನ್ನು ತಾವು ಕಂಡಿದ್ದೀರಿ. ಆದ್ದರಿಂದ ಕಡಲಕಳೆಯನ್ನಾಗಲಿ, ತೊಟ್ಟಿಯ ನೀರನ್ನಾಗಲಿ ಸಮುದ್ರ, ಅಳಿವೆ, ಹಿನ್ನೀರಿಗೆ ಬಿಡಬಾರದು.

ಕಟಾವಾದುದನ್ನು ಸಿಹಿನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಅಲ್ಪ ಪ್ರಮಾಣದಲ್ಲಿ ಕಾಂಪೋಸ್ಟಿಗೆ ಸೇರಿಸಿ. ತೊಟ್ಟಿಯ ನೀರನ್ನು ಗಿಡಗಳ ಬುಡಕ್ಕೆ ಸುರಿಯಬೇಡಿ. ಅದರಲ್ಲಿರುವ ಲವಣ ಮಣ್ಣನ್ನು ಕೆಡಿಸುತ್ತದೆ. ಕರಾವಳಿಯ ವಿಸ್ತರಣಾ ಕಾರ್ಯಕರ್ತರು ಅಕ್ವೇರಿಯಂ ಘಟಕಗಳಿಗೆ ಭೇಟಿ ನೀಡಿದಾಗ ಮೊದಲು ವಿಲೇವಾರಿ ಕ್ರಮವನ್ನು ವಿಚಾರಿಸುವುದು ಒಳಿತು.