ಹಾಡು ಕಟ್ಟುವವರು, ಹಾಡು ಹಾಕುವವರು

ಡಿ.ಜೆ. ಎಂದೊಡನೆ ಮುಂಬಯಿಯ ನಮ್ಮಂಥವರಿಗೆ ನೆನಪಾಗುವುದು ಗಣಪತಿ ವಿಸರ್ಜನೆಯ ಲಾರಿ, ಅದರ ಮೇಲೆ ಪೇರಿಸಿದ ಸ್ಪೀಕರುಗಳು, ಎದೆ ನಡುಗಿಸುವ ಸದ್ದು. ಯಾರೋ ಕಷ್ಟಪಟ್ಟು ಕಟ್ಟಿದ ಹಾಡನ್ನು ಇನ್ಯಾರೋ ಗುಂಡಿ ಒತ್ತಿ ಹಾಕಿ ಚಪ್ಪಾಳೆ ಗಿಟ್ಟಿಸುವುದು ಯಾವ ಸೀಮೆಯ ಕಲೆ ಎಂದು ನಾನೂ ಗೊಣಗಿದವನೇ. ಕಾಲೇಜಿಗೆ ಹೋಗುವ ಮಗ ಒಂದು ರಾತ್ರಿ, "ಅಪ್ಪ, ಇದು ಯಾವ ಊರಿನದು, ಯಾವ ಕಾಲದ್ದು, ಹೇಳು ನೋಡೋಣ" ಎಂದು ಏನೋ ಹಾಕಿದ. ಯಂತ್ರದ ತಾಳ, ಜಾರುವ ಮಂದ್ರಸ್ವರ, ಅದರ ಮೇಲೆ ಸ್ಪಷ್ಟವಾಗಿ ಮಾಲಕಂಸ. ನಮ್ಮ ಕಡೆಯವರ ಹಿಂದೋಳ. ಈಚಿನ ಯಾವುದೋ ವಿಲಾಯಿತಿ ಕ್ಲಬ್ಬಿನದಿರಬೇಕು ಎಂದೆ. ಅದು 1982ರದು, ನುಡಿಸಿದವರು ಮುಂಬಯಿಯವರೇ! ಆ ಕಥೆ ಅರ್ಥವಾಗಬೇಕಾದರೆ ಮೊದಲು ಅಮೆರಿಕಕ್ಕೆ ಹೋಗಿಬರಬೇಕು.

ನ್ಯೂಯಾರ್ಕಿನಲ್ಲಿ ಡೇವಿಡ್ ಮ್ಯಾಂಕುಸೊ ಎಂಬಾತ 1970ರಿಂದ ತನ್ನ ವಾಸದ ಮಹಡಿಯಲ್ಲೇ ನೃತ್ಯಕೂಟ ನಡೆಸುತ್ತಿದ್ದ. 'ಲಾಫ್ಟ್' ಎಂದೇ ಅದಕ್ಕೆ ಹೆಸರು. ಅವನ ಕೈಗೆ ಬ್ರೂಕ್ಲಿನ್ನಿನ ಒಂದು ಅಂಗಡಿಯಲ್ಲಿ 'ಸೋಲ್ ಮಕೋಸ್ಸ' ಎಂಬ ರೆಕಾರ್ಡು ಸಿಕ್ಕಿತು. ಕ್ಯಾಮರೂನಿನ ಸ್ಯಾಕ್ಸೊಫೋನ್ ವಾದಕ ಮನು ದಿಬಾಂಗೊ 1972ರಲ್ಲಿ ತನ್ನ ದೇಶದ ಫುಟ್‌ಬಾಲ್ ತಂಡಕ್ಕಾಗಿ ಒಂದು ಹಾಡು ಮಾಡಿದ್ದರು. ಇದು ಆ ತಟ್ಟೆಯ ಹಿಂಬದಿಯದು. ಲಾಫ್ಟಿನಲ್ಲಿ ಕುಣಿದವರು ಅಂಗಡಿಗಳಲ್ಲಿ ಹುಡುಕಿದರು, ರೇಡಿಯೋದವರು ಎತ್ತಿಕೊಂಡರು, ದೊಡ್ಡ ಕಂಪನಿ ಹಕ್ಕು ಪಡೆಯಿತು. 1973ರಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 35ನೆಯ ಸ್ಥಾನಕ್ಕೇರಿತು.

ಇದು ಬರಿಯ ಪ್ರಚಾರವಾಯಿತಲ್ಲ, ಸೃಷ್ಟಿ ಎಲ್ಲಿ ಬಂತು ಎನ್ನಬಹುದು. ಬರುತ್ತದೆ.

ಆಗಿನ ಏಳಂಗುಲದ ರೆಕಾರ್ಡಿನಲ್ಲಿ ಹಾಡು ಮೂರು ನಾಲ್ಕು ನಿಮಿಷಕ್ಕೆ ಮುಗಿಯುತ್ತಿತ್ತು. ಕುಣಿಯುವವನ ಮೈ ಬಿಸಿಯಾಗುವಷ್ಟರಲ್ಲಿ ಹಾಡೇ ತೀರಿತು! ಟಾಮ್ ಮೌಲ್ಟನ್ ಎಂಬಾತ ಹಾಡುಗಳನ್ನು ಟೇಪಿನಲ್ಲಿ ಕತ್ತರಿಸಿ, ಅಂಟಿಸಿ ಉದ್ದ ಮಾಡತೊಡಗಿದ. ಒಂದು ದಿನ ಮುದ್ರಣಶಾಲೆಯಲ್ಲಿ ಏಳಂಗುಲದ ಖಾಲಿ ತಟ್ಟೆಗಳು ಮುಗಿದಿದ್ದವು, ಹತ್ತಂಗುಲದ್ದರಲ್ಲೇ ಕೊರೆದರು. ಇಷ್ಟಗಲದ ತಟ್ಟೆಯಲ್ಲಿ ಇಷ್ಟು ಚಿಕ್ಕ ಹಾಡು ಚೆನ್ನಾಗಿ ಕಾಣದೆಂದು ಗೀರುಗಳನ್ನು ದೂರ ದೂರ ಹರಡಿದರು. ಸದ್ದು ಒಮ್ಮೆಲೇ ಭರ್ಜರಿಯಾಯಿತು. ಬಿ.ಎಸ್ಸಿ.ಯಲ್ಲಿ ಓದಿದ ಭೌತಶಾಸ್ತ್ರ ನನಗೆ ಕಚೇರಿಯ ಫೈಲುಗಳಲ್ಲಿ ಎಂದೂ ಉಪಯೋಗಕ್ಕೆ ಬರಲಿಲ್ಲ, ಇಲ್ಲಾದರೂ ಬರಲಿ: ಮಂದ್ರಸ್ವರ ಜೋರಾದಷ್ಟೂ ಸೂಜಿ ಅತ್ತಿತ್ತ ಹೆಚ್ಚು ಓಲಾಡುತ್ತದೆ. ಗೀರುಗಳು ಒತ್ತೊತ್ತಾಗಿದ್ದರೆ ಒಂದರ ಓಲಾಟ ಇನ್ನೊಂದಕ್ಕೆ ತಗಲುತ್ತದೆ. ಜಾಗ ಕೊಟ್ಟರೆ ಡೋಲು ನಿಜವಾದ ಡೋಲಿನಂತೆ ಕೇಳುತ್ತದೆ. ಹೀಗೆ ಹನ್ನೆರಡಂಗುಲದ ಸಿಂಗಲ್ ಹುಟ್ಟಿತು.

ಸಾರ್ವಜನಿಕ ಮಾರಾಟಕ್ಕೆ ಬಂದ ಅಂಥ ಮೊದಲ ತಟ್ಟೆ 1976ರ 'ಟೆನ್ ಪರ್ಸೆಂಟ್'. ಹಾಡಿದವರು 'ಡಬಲ್ ಎಕ್ಸ್‌ಪೋಶರ್' ತಂಡ. ಒಂಬತ್ತು ನಿಮಿಷ ಮೀರುವಂತೆ ಹಿಗ್ಗಿಸಿದವನು ವಾಲ್ಟರ್ ಗಿಬನ್ಸ್ ಎಂಬ ಕ್ಲಬ್ಬಿನ ಡಿ.ಜೆ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಡ್ರಮ್ಮಿನ ತುಣುಕನ್ನೇ ಮತ್ತೆ ಮತ್ತೆ ತಿರುಗಿಸುವುದು ಅವನ ಕೈಚಳಕ. ಅತ್ತ ಫಿಲಡೆಲ್ಫಿಯಾದ ಡ್ರಮ್ ವಾದಕ ಅರ್ಲ್ ಯಂಗ್ ಹೈ-ಹ್ಯಾಟ್ ಎಂಬ ಜೋಡಿ ತಾಳವನ್ನು ಧಾರಾಳವಾಗಿ ನುಡಿಸುತ್ತಿದ್ದರು, ಡಿ.ಜೆ.ಗೆ ಗದ್ದಲದ ನಡುವೆಯೂ ಹೆಡ್‌ಫೋನಿನಲ್ಲಿ ಅದು ತಿಳಿಯಾಗಿ ಕೇಳಿ, ಮುಂದಿನ ಹಾಡನ್ನು ಜೋಡಿಸಲು ಅನುಕೂಲವಾಗುತ್ತಿತ್ತು. ಇವರ ಕೈ ಅವರಿಗೆ ದಾರಿ, ಅವರ ಕಿವಿ ಇವರಿಗೆ ದಾರಿ. ನಮ್ಮ ಯಕ್ಷಗಾನದಲ್ಲೂ ಭಾಗವತರು ಪದ್ಯವನ್ನು ಎಷ್ಟು ಸಲ ಎತ್ತಬೇಕೆಂಬುದು ವೇಷಧಾರಿಯ ಹೆಜ್ಜೆ ನೋಡಿಯೇ ತೀರ್ಮಾನವಾಗುವುದಲ್ಲವೇ?

ಇನ್ನು ಚಿಕಾಗೋ. ಜಪಾನಿನ ರೋಲ್ಯಾಂಡ್ ಕಂಪನಿ 1981ರಲ್ಲಿ ಟಿ.ಬಿ. 303 ಎಂಬ ಪುಟ್ಟ ಯಂತ್ರ ತಂದಿತು. ಗಿಟಾರ್ ಅಭ್ಯಾಸ ಮಾಡುವವನಿಗೆ ಮಂದ್ರದ ಸಾಥಿ ಎಂಬ ಉದ್ದೇಶ. ಯಾರಿಗೂ ಹಿಡಿಸಲಿಲ್ಲ, 1984ರಲ್ಲಿ ನಿಲ್ಲಿಸಿದರು. 'ಫ್ಯೂಚರ್' ಎಂಬ ಹುಡುಗರ ತಂಡ ಅದನ್ನು ಅಗ್ಗಕ್ಕೆ ಕೊಂಡು, ತಿರುಪುಗಳನ್ನು ಮನಬಂದಂತೆ ತಿರುವಿ ವಿಚಿತ್ರ ಗುಟುರು ಹೊರಡಿಸಿ, ಟೇಪನ್ನು 'ಮ್ಯೂಸಿಕ್ ಬಾಕ್ಸ್' ಕ್ಲಬ್ಬಿನ ರಾನ್ ಹಾರ್ಡಿಗೆ ಕೊಟ್ಟಿತು. ಅವನು ಹಾಕಿದ; ಜನ ಕುಣಿಯುವುದನ್ನು ಬಿಟ್ಟು ಸರಿದರು. ಅದೇ ರಾತ್ರಿ ಮತ್ತೆ ಹಾಕಿದ. ಮತ್ತೆ ಹಾಕಿದ. ನಾಲ್ಕನೆಯ ಸಲಕ್ಕೆ ಜನ ಹುಚ್ಚೆದ್ದು ಕುಣಿದರು. ಅದಕ್ಕಿನ್ನೂ ಗೊತ್ತಾದ ಹೆಸರಿರಲಿಲ್ಲ. ಊರಿನವರು ಹಾರ್ಡಿಯ ಹೆಸರಿನಲ್ಲೇ ಕರೆದರು. 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ಎಂದು ಮುದ್ರಣವಾಯಿತು, ಒಂದು ಹೊಸ ಪಂಥವೇ ಹೊರಟಿತು.

ಈಗ ಮುಂಬಯಿ. ಅದೇ ಟಿ.ಬಿ. 303 ಇಲ್ಲಿ ಚರಣ್‌ಜಿತ್ ಸಿಂಗರ ಬಳಿಯೂ ಇತ್ತು. ಹಿಂದಿ ಚಿತ್ರಗಳ ವಾದ್ಯವೃಂದದಲ್ಲಿ, ಆರ್.ಡಿ. ಬರ್ಮನ್ ಅವರಂಥವರಿಗೆ ನುಡಿಸಿದ ಅನುಭವಿ. 1982ರಲ್ಲಿ ಯಮನ್, ಭೂಪಾಲಿ, ಮಾಲಕಂಸ ಮೊದಲಾದ ಹತ್ತು ರಾಗಗಳನ್ನು ಯಂತ್ರತಾಳಕ್ಕೆ ಕೂಡಿಸಿದ ಅವರ ತಟ್ಟೆಯನ್ನು ಎಚ್.ಎಂ.ವಿ. ಹೊರತಂದಿತು. ಮಾರಾಟವಾಗಲಿಲ್ಲ, ಮರೆತೂ ಹೋಯಿತು. ಅವರೇ ಆ ಪಂಥದ ಆದಿಪುರುಷರೆಂದು ಈಚೆಗೆ ಕೆಲವರು ಹೊಗಳುತ್ತಾರೆ. ಚಿಕಾಗೋ ಹುಡುಗರು ಅದನ್ನು ಕೇಳಿದ್ದರೆಂಬುದಕ್ಕೆ ಆಧಾರವಿಲ್ಲ, ಅಷ್ಟು ಹಿಗ್ಗಬೇಕಾಗಿಲ್ಲ. ನನ್ನನ್ನು ಕಾಡುವುದು ಬೇರೆ. ಡಿಸ್ಕೋ ಹುಚ್ಚು ಇಲ್ಲಿಯೂ ಇತ್ತು, ವಾದಕರಿಗಂತೂ ಬರವಿರಲಿಲ್ಲ. ಜನ ಸರಿದುಹೋದರೂ ನಾಲ್ಕು ಸಲ ಹಾಕುವ ಒಬ್ಬ ರಾನ್ ಹಾರ್ಡಿ ಸಿಂಗರಿಗೆ ಸಿಗಲಿಲ್ಲ.

ಸಿಕ್ಕಿದ್ದು ತಡವಾಗಿ. ಹಳೆಯ ತಟ್ಟೆ ಹುಡುಕುತ್ತ ಬಂದ ಎಡೊ ಬೌಮನ್ ಎಂಬ ಡಚ್ಚರವನು 2010ರಲ್ಲಿ ಅದನ್ನು ಮರುಮುದ್ರಿಸಿದ. ಎಪ್ಪತ್ತು ದಾಟಿದ ಸಿಂಗರು ಯುರೋಪಿನ ವೇದಿಕೆಗಳಲ್ಲಿ ಹೊಸ ತಲೆಮಾರಿನ ಮುಂದೆ ಆ ರಾಗಗಳನ್ನು ನುಡಿಸಿ ಬಂದರು, 2015ರಲ್ಲಿ ತೀರಿಕೊಂಡರು.

1982ರ ಆ ಮೂಲ ತಟ್ಟೆ ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ, ರದ್ದಿಯವನಿಗೆ ಹಾಕುವ ಮುನ್ನ ದಯವಿಟ್ಟು ಸಂಘದ ಕಚೇರಿಗೆ ತಿಳಿಸಿ. ನಮ್ಮ ಗ್ರಂಥಾಲಯದ ಹಳೆಯ ರೆಕಾರ್ಡ್ ಪ್ಲೇಯರ್ ಇನ್ನೂ ತಿರುಗುತ್ತದೆ.