ಹೊಸ್ತಿಲೋ ಬೀದಿಯೋ: ಎಚ್‌ಐವಿ ಸೋಂಕಿತರಲ್ಲಿ ಸಮುದಾಯ ಮಟ್ಟದ ಕ್ಷಯ ತಪಾಸಣೆ

ಎಚ್‌ಐವಿ ಸೋಂಕಿತರಲ್ಲಿ ಕ್ಷಯವನ್ನು ಹುಡುಕಲು ಯಾವ ಪರೀಕ್ಷೆ ಒಳ್ಳೆಯದೆಂಬ ಚರ್ಚೆ ಸಾಕಷ್ಟು ನಡೆದಿದೆ. ಆ ಪರೀಕ್ಷೆಯನ್ನು ಎಲ್ಲಿ ಮಾಡಬೇಕೆಂಬುದೂ ಅಷ್ಟೇ ಮುಖ್ಯ. ಜಿಂಬಾಬ್ವೆಯ ಹರಾರೆಯಲ್ಲಿ 2006ರಿಂದ 2008ರವರೆಗೆ ನಡೆದ ‘ಡಿಟೆಕ್‌ಟಿಬಿ’ ಪ್ರಯೋಗವನ್ನು ಈ ಕಾರಣಕ್ಕೆ ಮತ್ತೆ ಓದಬೇಕು. ಅಲ್ಲಿ ಆಗ ಸುಮಾರು ಐವರು ವಯಸ್ಕರಲ್ಲಿ ಒಬ್ಬರಿಗೆ ಎಚ್‌ಐವಿ ಸೋಂಕಿತ್ತು.

ಸಂಶೋಧಕರು 46 ಬಡಾವಣೆಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದರು. ಒಂದು ಗುಂಪಿನ ಬಡಾವಣೆಗಳಲ್ಲಿ ಧ್ವನಿವರ್ಧಕದ ವ್ಯಾನ್ ಬಂದು ನಿಲ್ಲುತ್ತಿತ್ತು. ಇನ್ನೊಂದರಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗುತ್ತಿದ್ದರು. ಎರಡೂ ಕಡೆ ಆರು ತಿಂಗಳಿಗೊಂದು ಸುತ್ತು. ಕೇಳುತ್ತಿದ್ದುದು ಎರಡು ವಾರ ದಾಟಿದ ಕೆಮ್ಮನ್ನು. ವ್ಯಾನಿಗೆ ಕಫ ಕೊಟ್ಟ 5,466 ಮಂದಿಯಲ್ಲಿ 255 ಜನರಿಗೆ ಕ್ಷಯ ಪತ್ತೆಯಾಯಿತು. ಮನೆ ಭೇಟಿಯಲ್ಲಿ 4,711ಕ್ಕೆ 137. ಬಡಾವಣೆಗಳಲ್ಲಿ ಕ್ಷಯದ ಪ್ರಮಾಣ ಸಾವಿರ ವಯಸ್ಕರಿಗೆ 6.5ರಿಂದ 3.7ಕ್ಕೆ ಇಳಿಯಿತು. ಈ ಇಳಿಕೆಯನ್ನು ಪೂರ್ತಿ ತಪಾಸಣೆಯ ಲೆಕ್ಕಕ್ಕೆ ಬರೆಯುವಂತಿಲ್ಲ, ಏಕೆಂದರೆ ಯಾವ ತಪಾಸಣೆಯೂ ಇಲ್ಲದ ಹೋಲಿಕೆಯ ಗುಂಪು ಅಲ್ಲಿರಲಿಲ್ಲ. ಜಾಂಬಿಯಾ ಮತ್ತು ದಕ್ಷಿಣ ಆಫ್ರಿಕಾದ 24 ಸಮುದಾಯಗಳಲ್ಲಿ ನಡೆದ ‘ಜಾಮ್‌ಸ್ಟಾರ್’ ಪ್ರಯೋಗದಲ್ಲಂತೂ ಸಮುದಾಯ ಮಟ್ಟದ ಪತ್ತೆ ಕಾರ್ಯದಿಂದ ಕ್ಷಯ ಇಳಿಯಲಿಲ್ಲ.

ಆದರೂ ಹರಾರೆಯಲ್ಲಿ ಮನೆ ಭೇಟಿಗಿಂತ ವ್ಯಾನ್ ಗೆದ್ದದ್ದೇಕೆ? ನನ್ನ ಊಹೆ ಇದು: ಹೊಸ್ತಿಲಲ್ಲಿ ನಿಂತು ಕೇಳಿದರೆ ಅತ್ತೆ, ಮೈದುನ, ಪಕ್ಕದ ಮನೆಯವರು ಎಲ್ಲರಿಗೂ ಕೇಳಿಸುತ್ತದೆ. ನಮ್ಮಲ್ಲೂ ಅಷ್ಟೇ, ಆಶಾ ಕಾರ್ಯಕರ್ತೆ ಒಂದೇ ಮನೆಗೆ ಮತ್ತೆ ಮತ್ತೆ ಬಂದರೆ ಓಣಿಗೆ ಅನುಮಾನ ಬರಲು ಬೇರೇನೂ ಬೇಕಿಲ್ಲ. ಎಚ್‌ಐವಿ ಸ್ಥಿತಿಯ ಗೋಪ್ಯತೆಗೆ ನಮ್ಮ ದೇಶದ 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ ರಕ್ಷಣೆಯಿದೆ, ಓಣಿಯ ಬಾಯಿಗೆ ಅದು ಬೀಗ ಹಾಕಲಾರದು. ಆದ್ದರಿಂದ ಸೋಂಕಿತರ ಮನೆ ಹುಡುಕಿ ಹೋಗುವುದಕ್ಕಿಂತ ಇಡೀ ಬಡಾವಣೆಯನ್ನು ತಪಾಸಣೆಗೆ ಕರೆಯುವುದು ಮೇಲು.

ಕೇಳುವ ಪ್ರಶ್ನೆಗೂ ಮಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಸೂಚಿಸಿದ್ದು ನಾಲ್ಕು ಲಕ್ಷಣಗಳನ್ನು: ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು. ಎಚ್‌ಐವಿ ಚಿಕಿತ್ಸೆ (ಎಆರ್‌ಟಿ) ನೀಡುವ ನಮ್ಮ ಕೇಂದ್ರಗಳಲ್ಲೂ ಕೇಳುವುದು ಇವನ್ನೇ. ಎಆರ್‌ಟಿ ಆರಂಭಿಸದ ಸೋಂಕಿತರ ಕ್ಷಯ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 89 ಇದರಿಂದ ಸಿಗುತ್ತವೆ. ಎಆರ್‌ಟಿ ಮಾತ್ರೆ ನುಂಗುತ್ತಿರುವವರಲ್ಲಿ ಸಿಗುವುದು ಸುಮಾರು 51. ಉಳಿದವರಿಗೆ ಲಕ್ಷಣವೇ ಇರುವುದಿಲ್ಲ. ಎದೆಯ ಎಕ್ಸ್‌ರೇ ಸೌಲಭ್ಯ ವ್ಯಾನಿನಲ್ಲೇ ಇದ್ದರೆ ಅವರಲ್ಲಿ ಕೆಲವರಾದರೂ ಸಿಗುತ್ತಾರೆ, ಅದೂ ಯಾರ ಎಚ್‌ಐವಿ ಸ್ಥಿತಿಯನ್ನೂ ವಿಚಾರಿಸದೆ. ರೋಗನಿರೋಧಕ ಶಕ್ತಿಯನ್ನು ಸೂಚಿಸುವ ಸಿಡಿ4 ಎಣಿಕೆ ತೀರ ಕುಸಿದವರ ಮಾತು ಬೇರೆ. ಅವರಿಗೆ ಎಷ್ಟೋ ವೇಳೆ ಕಫವೇ ಬರುವುದಿಲ್ಲ; ಮೂತ್ರದಲ್ಲಿ ಕ್ಷಯಾಣುವಿನ ಅಂಶ ಹುಡುಕುವ ಲ್ಯಾಮ್ ಪರೀಕ್ಷೆ ಬೇಕಾಗುತ್ತದೆ. ಅದನ್ನು ಮಾಡಲು ಎಚ್‌ಐವಿ ಸ್ಥಿತಿ ಗೊತ್ತಿರಬೇಕು. ಹಾಗಾಗಿ ಅದು ಬೀದಿಯಲ್ಲಿ ನಿಂತ ವ್ಯಾನಿನ ಕೆಲಸವಲ್ಲ, ಎಆರ್‌ಟಿ ಕೇಂದ್ರದ ಕೆಲಸ.