ಕೋಳಿ ಸಾಕಣೆಯಲ್ಲಿ ಸೊಪ್ಪಿನ ರಸ: ಒಂದು ಹಿನ್ನೋಟ

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ವಿಷಯಕ್ಕಾಗಿ ನಾವು ಬಹಳ ಹುಡುಕಬೇಕಾಗಲಿಲ್ಲ. ಸರ್ವ ಸದಸ್ಯರ ಸಭೆಯಲ್ಲಿ ಲಾಭಾಂಶದ ಮಾತು ಮುಗಿದ ಮೇಲೆ ಕಾಫಿ ಕುಡಿಯುತ್ತಾ ಹೆಚ್ಚು ಚರ್ಚೆಯಾಗುವುದು ಹಸು, ಕೋಳಿ ವಿಚಾರವೇ. ಅದರಲ್ಲೂ "ಫೀಡಿನ ಜೊತೆ ಸೊಪ್ಪಿನ ರಸ ಕೊಟ್ರೆ ಔಷಧಿ ಖರ್ಚೇ ಇರಲ್ವಂತೆ, ನಿಜವೇನ್ರೀ?" ಎಂಬ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳುವುದಕ್ಕಿಂತ, ಈ ಸೊಪ್ಪು ಕೋಳಿಯ ಆಹಾರಕ್ಕೆ ಹೇಗೆ ಬಂತು, ಯಾಕೆ ಹೊರಗೆ ಹೋಯಿತು, ಮತ್ತೆ ಯಾಕೆ ಬಂತು ಎಂಬ ಚರಿತ್ರೆಯನ್ನು ಹೇಳಿದರೆ ಸದಸ್ಯ ಬಂಧುಗಳೇ ತೀರ್ಮಾನ ಮಾಡಿಕೊಳ್ಳಬಹುದು ಎಂದುಕೊಂಡು ಈ ನಾಲ್ಕು ಮಾತು ಬರೆದಿದ್ದೇವೆ.

ದಿಣ್ಣೆಯ ಮೇಲಿನ ಕೋಳಿಗಳು

ಇವತ್ತು ಕುಮಾರಸ್ವಾಮಿ ಲೇಔಟ್ ಎಂದು ಕರೆಯುವ ಈ ದಿಣ್ಣೆ, ಅಭಿವೃದ್ಧಿ ಪ್ರಾಧಿಕಾರದವರು ಸೈಟು ಮಾಡುವ ಮೊದಲು ಹೊಲಗದ್ದೆಯ ಪ್ರದೇಶ. ಸುತ್ತ ಯಲಚೇನಹಳ್ಳಿ, ಕದಿರೇನಹಳ್ಳಿ, ಇಟ್ಟಮಡು, ಚಿಕ್ಕಲ್ಲಸಂದ್ರ, ಕೋಣನಕುಂಟೆ ಎಲ್ಲವೂ ಹಳ್ಳಿಗಳೇ. ರಾಗಿ, ಅವರೆ, ಹುರುಳಿ ಬೆಳೆಯುವ ಮನೆಗಳಲ್ಲಿ ನಾಲ್ಕಾರು ನಾಟಿ ಕೋಳಿ ಇದ್ದೇ ಇರುತ್ತಿದ್ದವು. ಅವಕ್ಕೆ ಯಾರೂ ಫೀಡ್ ತರುತ್ತಿರಲಿಲ್ಲ. ಬೆಳಿಗ್ಗೆ ಮಂಕರಿ ಎತ್ತಿದರೆ ತಿಪ್ಪೆ ಕೆದಕಿ ಹುಳ ತಿಂದು, ಕಣದಲ್ಲಿ ಚೆಲ್ಲಿದ ರಾಗಿ ಹೆಕ್ಕಿ, ಬೇಲಿ ಸಾಲಿನ ಎಳೆ ಸೊಪ್ಪು ಕುಕ್ಕಿ ಸಂಜೆಗೆ ಮನೆ ಸೇರುತ್ತಿದ್ದವು.

ಆ ಮೊಟ್ಟೆ ಒಡೆದರೆ ಒಳಗಿನ ಭಂಡಾರ ಕೆಂಪಗೆ ಇರುತ್ತಿತ್ತು ಎಂದು ಹಿರಿಯರು ಈಗಲೂ ನೆನೆಸಿಕೊಳ್ಳುತ್ತಾರೆ. ಅದು ಸುಮ್ಮನೆ ಹಳೆಯ ಕಾಲದ ಹೊಗಳಿಕೆಯಲ್ಲ. ಭಂಡಾರದ ಬಣ್ಣವನ್ನು ಕೋಳಿ ತನ್ನ ಮೈಯಲ್ಲಿ ತಯಾರಿಸುವುದಿಲ್ಲ, ತಿಂದದ್ದರಿಂದ ಪಡೆಯುತ್ತದೆ. ರಾಗಿಯಲ್ಲಿ, ಅಕ್ಕಿ ನುಚ್ಚಿನಲ್ಲಿ, ತೌಡಿನಲ್ಲಿ ಆ ಹಳದಿ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಹಳದಿ ಮುಸುಕಿನ ಜೋಳದಲ್ಲಿ ಇದೆ, ಹಸಿರು ಸೊಪ್ಪಿನಲ್ಲಿ ಧಾರಾಳವಾಗಿ ಇದೆ. ನಮ್ಮ ರಾಗಿ ಸೀಮೆಯ ಕೋಳಿಗೆ ಬಣ್ಣವನ್ನೂ, ಎ ಜೀವಸತ್ವವನ್ನೂ ಕೊಡುತ್ತಿದ್ದುದು ಬಹುಮಟ್ಟಿಗೆ ಬೇಲಿಯ ಸೊಪ್ಪೇ. ಬೇಲಿ ಹೋಗಿ ಕಾಂಪೌಂಡು ಬಂದ ಮೇಲೆ ಭಂಡಾರವೂ ಬೆಳ್ಳಗಾಯಿತು.

ಸೊಪ್ಪನ್ನು ಹುಡುಕಿಕೊಟ್ಟ ಕೋಳಿಮರಿ

ಸೊಪ್ಪಿನೊಳಗೆ ಏನಿದೆ ಎಂದು ಪ್ರಪಂಚಕ್ಕೆ ತೋರಿಸಿಕೊಟ್ಟಿದ್ದೇ ಕೋಳಿಮರಿಗಳು ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. 1929ರ ಸುಮಾರಿಗೆ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಹೆನ್ರಿಕ್ ಡ್ಯಾಮ್ ಎಂಬ ವಿಜ್ಞಾನಿ, ಕೊಬ್ಬಿನಂಶ ತೆಗೆದ ಆಹಾರವನ್ನು ಮರಿಗಳಿಗೆ ಕೊಟ್ಟು ನೋಡುತ್ತಿದ್ದರು. ಮರಿಗಳ ಚರ್ಮದ ಕೆಳಗೆ ರಕ್ತ ಸೋರತೊಡಗಿತು, ರಕ್ತ ಹೆಪ್ಪುಗಟ್ಟಲು ಬಹಳ ಹೊತ್ತು ಹಿಡಿಯುತ್ತಿತ್ತು. ನಿಂಬೆರಸ ಕೊಟ್ಟರೂ ಗುಣವಾಗಲಿಲ್ಲ. ಹಸಿರು ಸೊಪ್ಪಿನಲ್ಲಿ ಇದನ್ನು ತಡೆಯುವ ವಸ್ತು ಇದೆ ಎಂದು ಆಮೇಲೆ ಗೊತ್ತಾಯಿತು. 1935ರಲ್ಲಿ ಅದಕ್ಕೆ 'ಕೆ' ವಿಟಮಿನ್ ಎಂದು ಹೆಸರಿಟ್ಟರು. 1939ರಲ್ಲಿ ಅದನ್ನು ಶುದ್ಧರೂಪದಲ್ಲಿ ತೆಗೆದದ್ದು ನಮ್ಮ ರೈತರು ಕುದುರೆ ಮೆಂತೆ ಎನ್ನುವ ಲೂಸರ್ನ್ ಸೊಪ್ಪಿನಿಂದ. ಈ ಶೋಧಕ್ಕೆ ಡ್ಯಾಮ್ ಅವರಿಗೂ ಅಮೆರಿಕದ ಎಡ್ವರ್ಡ್ ಡಾಯ್ಸಿ ಅವರಿಗೂ 1943ನೇ ಸಾಲಿನ ನೊಬೆಲ್ ಬಹುಮಾನ ಬಂತು. ಇವತ್ತು ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ರಕ್ತಸ್ರಾವ ಆಗದಿರಲಿ ಎಂದು ಕೊಡುವ ಚುಚ್ಚುಮದ್ದು ಅದೇ ಕೆ ವಿಟಮಿನ್. ನಮ್ಮ ಮಕ್ಕಳು ಆ ಕೋಳಿಮರಿಗಳ ಋಣದಲ್ಲಿದ್ದಾರೆ.

ಸೊಪ್ಪು ಒಳ್ಳೆಯದು ಸರಿ, ಆದರೆ ಅದನ್ನು ರಸ ಮಾಡಿ ಯಾಕೆ ಕೊಡಬೇಕು? ಹಸುವಿನ ಹಾಗೆ ಮೆಲುಕು ಹಾಕುವ ಹೊಟ್ಟೆ ಕೋಳಿಗಿಲ್ಲ. ನಾರು ಅದಕ್ಕೆ ಅರಗುವುದಿಲ್ಲ. ಒಣಸೊಪ್ಪಿನ ಪುಡಿ ಹೆಚ್ಚಾದರೆ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ಹಿಡಿಯುವುದಿಲ್ಲ. ಇದಕ್ಕೆ ಉಪಾಯ ಹೇಳಿದವರಲ್ಲಿ ಇಂಗ್ಲೆಂಡಿನ ರಾತಮ್‌ಸ್ಟೆಡ್ ಕೃಷಿ ಕೇಂದ್ರದ ಪೀರಿ ಎಂಬುವರು ಮುಖ್ಯರು. ಸೊಪ್ಪನ್ನು ಜಜ್ಜಿ ಹಿಂಡಿ, ರಸವನ್ನು ಕಾಯಿಸಿದರೆ ಹಾಲು ಒಡೆದ ಹಾಗೆ ಹಸಿರು ಗಿಣ್ಣು ಬರುತ್ತದೆ. ಅದೇ ಸೊಪ್ಪಿನ ಪ್ರೋಟೀನು. ಹಿಂಡಿ ಉಳಿದ ಚರಟ ದನಕ್ಕೆ, ಗಿಣ್ಣು ಕೋಳಿಗೆ.

ಈ ಕೆಲಸ ನಮ್ಮ ನಾಡಿನಲ್ಲೂ ನಡೆದಿದೆ. 1950ರಲ್ಲಿ ಆರಂಭವಾದ ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯವರು ಲೂಸರ್ನ್ ಸೊಪ್ಪಿನ ಪ್ರೋಟೀನಿನ ಮೇಲೆ ಸಂಶೋಧನೆ ಮಾಡಿದರು. ರಾಗಿ ಊಟದ ಜೊತೆ ಅದನ್ನು ಮಕ್ಕಳಿಗೆ ಕೊಟ್ಟು, ಬೆಳವಣಿಗೆ ಹೇಗಾಗುತ್ತದೆ ಎಂದು ಪರೀಕ್ಷಿಸಿ 1969ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಮೆರಿಕದಲ್ಲಿ ಸರ್ಕಾರಿ ಪ್ರಯೋಗಾಲಯವೊಂದು ಇದೇ ಲೂಸರ್ನ್ ರಸವನ್ನು ಕೋಳಿ ಆಹಾರಕ್ಕೆಂದೇ ಸಿದ್ಧಪಡಿಸುವ ವಿಧಾನ ಕಂಡುಹಿಡಿಯಿತು, ಫ್ರಾನ್ಸಿನಲ್ಲಿ ಅದಕ್ಕೆ ಕಾರ್ಖಾನೆಗಳೇ ಆದವು.

ಸೊಪ್ಪು ಹೊರಗೆ, ಆಂಟಿಬಯಾಟಿಕ್ ಒಳಗೆ

ಇಷ್ಟೆಲ್ಲಾ ಇದ್ದರೂ ಫೀಡಿನ ಚೀಲದಿಂದ ಸೊಪ್ಪು ಹೊರಗೆ ಹೋಯಿತು. ಕಾರಣ ಎರಡು. ಮೊದಲನೆಯದು, ಜೀವಸತ್ವಗಳನ್ನು ಕಾರ್ಖಾನೆಯಲ್ಲೇ ಅಗ್ಗವಾಗಿ ಮಾಡುವುದನ್ನು ಕಲಿತರು. ಒಂದು ಮೂಟೆ ಸೊಪ್ಪಿನ ಕೆಲಸವನ್ನು ಒಂದು ಚಿಟಿಕೆ ಪುಡಿ ಮಾಡತೊಡಗಿತು. ಎರಡನೆಯದು, 1950ರ ಸುಮಾರಿಗೆ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಸ್ಟಾಕ್‌ಸ್ಟಾಡ್ ಮತ್ತು ಜೂಕ್ಸ್ ಎಂಬುವರು, ಆರಿಯೋಮೈಸಿನ್ ಔಷಧಿ ತಯಾರಿಸಿ ಉಳಿದ ಚರಟವನ್ನು ಕೋಳಿಮರಿಗಳಿಗೆ ಕೊಟ್ಟರೆ ಅವು ಬೇಗ ತೂಕ ಬರುತ್ತವೆ ಎಂದು ಕಂಡುಕೊಂಡರು. ಅಲ್ಲಿಂದ ಮುಂದೆ ಕಾಯಿಲೆ ಇಲ್ಲದ ಕೋಳಿಗೂ ದಿನಾ ಸ್ವಲ್ಪ ಸ್ವಲ್ಪ ಆಂಟಿಬಯಾಟಿಕ್ ಕೊಡುವ ಪದ್ಧತಿ ಲೋಕವೆಲ್ಲಾ ಹಬ್ಬಿತು.

ದಿನಾ ಬೈದರೆ ಮಕ್ಕಳಿಗೆ ಬೈಗುಳ ನಾಟುವುದಿಲ್ಲ, ರೋಗಾಣುಗಳದ್ದೂ ಅದೇ ಪಾಡು. ದಿನವೂ ಸ್ವಲ್ಪ ಔಷಧಿ ಕಂಡ ರೋಗಾಣು ಅದಕ್ಕೆ ಬಗ್ಗದೆ ನಿಲ್ಲುವುದನ್ನು ಕಲಿಯಿತು. ಸ್ವೀಡನ್ ದೇಶ 1986ರಲ್ಲಿ ಇದನ್ನು ನಿಷೇಧಿಸಿತು. 2006ರ ಜನವರಿ 1ರಿಂದ ಯೂರೋಪ್ ಒಕ್ಕೂಟ ಪೂರ್ತಿ ನಿಲ್ಲಿಸಿತು. ನಮ್ಮಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 2014ರಲ್ಲಿ ದೆಹಲಿ ಸುತ್ತಮುತ್ತಲ 70 ಕೋಳಿಮಾಂಸದ ಮಾದರಿ ಪರೀಕ್ಷಿಸಿದಾಗ ನೂರಕ್ಕೆ 40ರಷ್ಟರಲ್ಲಿ ಆಂಟಿಬಯಾಟಿಕ್ ಉಳಿಕೆ ಸಿಕ್ಕಿತು. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಔಷಧಿಯನ್ನು ಪಶು, ಕೋಳಿಗಳಿಗೆ ಕೊಡಬಾರದೆಂದು ಭಾರತ ಸರ್ಕಾರ 2019ರಲ್ಲಿ ಆದೇಶ ಮಾಡಿತು. ಇದು ವ್ಯಾಪಾರದ ವಿಷಯ ಮಾತ್ರವಲ್ಲ. ನಾಳೆ ನಮ್ಮ ಮನೆಯ ಮಗುವಿಗೆ ಜ್ವರ ಬಂದಾಗ ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂಬ ಪ್ರಶ್ನೆ.

ಹೀಗೆ ಬಾಗಿಲು ಮುಚ್ಚಿದ ಮೇಲೆ ಎಲ್ಲರೂ ಮತ್ತೆ ಸೊಪ್ಪಿನ ಕಡೆ ತಿರುಗಿದರು. ಈ ಕೆಲಸಕ್ಕೆ ನಮ್ಮ ಬೆಂಗಳೂರಿನಲ್ಲಿ ಆಸರೆ ಕಡಿಮೆಯಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಿಂದ ಇದೆ. ಹಿತ್ತಲಲ್ಲಿ ಮೇಯ್ದು ಬೆಳೆಯುವ ಗಿರಿರಾಜ, ಸ್ವರ್ಣಧಾರ ತಳಿಗಳು ಹೆಬ್ಬಾಳದ ಕೊಡುಗೆ. ಹೆಸರಘಟ್ಟದಲ್ಲಿ ಕೋಳಿ ಸಾಕುವವರಿಗೆ ತರಬೇತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಪಶು ಆಹಾರದ ಸಂಶೋಧನೆಗೆಂದೇ 1995ರಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ ನಮಗೆ ಹತ್ತಿರದ ಆಡುಗೋಡಿಯಲ್ಲೇ ಇದೆ. ಇತ್ತ ಗುಂಡ್ಲುಪೇಟೆ ಕಡೆಯ ರೈತರು ಬೆಳೆದ ಚೆಂಡು ಹೂವು ಕಾರ್ಖಾನೆಗೆ ಹೋಗಿ, ಅದರ ಸಾರ ಭಂಡಾರಕ್ಕೆ ಬಣ್ಣ ಕೊಡಲು ಕೋಳಿ ಆಹಾರ ಸೇರುತ್ತದೆ.

ಸೊಪ್ಪಿನ ಕೈಲಿ ಆಗದ ಕೆಲಸ

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಒಂದು ಬೇಸಿಗೆಯಲ್ಲಿ ಬೇವು, ತುಳಸಿ, ಅರಿಶಿನ ಹಾಕಿ ಕುದಿಸಿದ ಕಷಾಯ ಕೊಡುತ್ತಿದ್ದೇವಲ್ಲ ಎಂಬ ಧೈರ್ಯದ ಮೇಲೆ ಮರಿಗಳಿಗೆ ಲಸಿಕೆ ಹಾಕಿಸಲಿಲ್ಲ. ಊರಿಗೆ ಕೊಕ್ಕರೆ ರೋಗ ಬಂತು. ಕತ್ತು ತಿರುಚಿಕೊಂಡು, ಹಸಿರು ಭೇದಿ ಮಾಡಿಕೊಂಡು ಒಂದೊಂದೇ ಬಿದ್ದವು. ವಾರ ಕಳೆಯುವುದರಲ್ಲಿ ಗೂಡು ಖಾಲಿ. ಗುಂಡಿ ತೋಡಿ ಹೂತು ಬಂದಾಗ ಮನೆಯ ಅಜ್ಜಿ ಅಂದರು, "ಸೊಪ್ಪಿಂದೇನೂ ತಪ್ಪಿಲ್ಲ ಕಣ್ರಪ್ಪ, ಅದರ ಕೈಲಿ ಆಗದ ಕೆಲಸ ಹೇಳಿದ್ರಿ ನೀವು."

ಕೊಕ್ಕರೆ ರೋಗವೆಂದರೆ ಪುಸ್ತಕದಲ್ಲಿ ಬರೆಯುವ ರಾಣಿಖೇತ ರೋಗ. 1920ರ ದಶಕದ ಕೊನೆಗೆ ಕುಮಾವೂ ಬೆಟ್ಟದ ರಾಣಿಖೇತದಲ್ಲಿ ಕಾಣಿಸಿಕೊಂಡಿದ್ದರಿಂದ ಆ ಹೆಸರು. 1940ರ ದಶಕದಲ್ಲಿ ಮುಕ್ತೇಶ್ವರದ ಸಂಶೋಧನಾ ಕೇಂದ್ರದಲ್ಲಿ ಇದಕ್ಕೆ ಲಸಿಕೆ ತಯಾರಾಯಿತು. ಅದನ್ನು ತಡೆಯುವುದು ಲಸಿಕೆ ಮಾತ್ರ, ಯಾವ ಸೊಪ್ಪೂ ಅಲ್ಲ. ಲಸಿಕೆಯನ್ನು ನೀರಿನಲ್ಲಿ ಕೊಡುವ ದಿನ ಆ ನೀರಿಗೆ ಸೊಪ್ಪಿನ ರಸವನ್ನಾಗಲಿ, ಬೇರೆ ಔಷಧಿಯನ್ನಾಗಲಿ ಬೆರೆಸಲೂಬಾರದು.

ಸೊಪ್ಪೆಲ್ಲಾ ಒಂದೇ ಎಂದೂ ತಿಳಿಯಬಾರದು. ಒಂದು ಕಾಲಕ್ಕೆ ಎಲ್ಲ ಕಡೆ ನೆಟ್ಟ ಸೂಬಾಬುಲ್ ಮರದ ಸೊಪ್ಪಿನಲ್ಲಿ ಪ್ರೋಟೀನ್ ಚೆನ್ನಾಗಿದೆ. ಆದರೆ ಅದರಲ್ಲಿರುವ ಮಿಮೋಸಿನ್ ಎಂಬ ವಿಷಾಂಶದಿಂದ ಮರಿಗಳ ಬೆಳವಣಿಗೆ ಕುಂಠಿತವಾಗುತ್ತದೆ. ಆಹಾರದಲ್ಲಿ ನೂರಕ್ಕೆ 5 ಭಾಗ ಮೀರಬಾರದು ಎನ್ನುತ್ತಾರೆ. ಅಷ್ಟು ಹೆಸರಾದ ಲೂಸರ್ನ್ ಸೊಪ್ಪಿನಲ್ಲೂ ನೊರೆ ಬರಿಸುವ ಸಪೋನಿನ್ ಇದೆ, ಹೆಚ್ಚಾದರೆ ಮರಿಗಳು ಸೊರಗುತ್ತವೆ. ನುಗ್ಗೆಸೊಪ್ಪು ಒಣಗಿಸಿದರೆ ಅದರಲ್ಲಿ ಕಾಲು ಭಾಗದಷ್ಟು ಪ್ರೋಟೀನ್ ಇರುತ್ತದೆ, ಭಂಡಾರಕ್ಕೆ ಬಣ್ಣವನ್ನೂ ಕೊಡುತ್ತದೆ. ಅದನ್ನೂ ಅಳತೆಯಲ್ಲೇ ಕೊಡಬೇಕು. ನೆಲಬೇವು, ನೆಲನೆಲ್ಲಿಯ ಸಾರವನ್ನು ಕೋಳಿಯ ಯಕೃತ್ತಿಗೆ ಒಳ್ಳೆಯದೆಂದು ಮಾರುತ್ತಾರೆ. ಇಂಥ ಸಾರಗಳ ಫಲ ಸೊಪ್ಪು ಕೊಯ್ದ ಕಾಲ, ಒಣಗಿಸಿದ ರೀತಿ, ಕೊಟ್ಟ ಪ್ರಮಾಣದ ಮೇಲೆ ನಿಲ್ಲುವುದರಿಂದ ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಆಗದಿರಬಹುದು. ಮನೆಯಲ್ಲಿ ಹಿಂಡಿದ ರಸವಂತೂ ಬೇಗ ಹುಳಿಯುತ್ತದೆ, ಅಂದಿನದು ಅಂದೇ ಮುಗಿಯಬೇಕು.

ಕೋಳಿ ಕೇಳಿಯೇ ಅರೆಯೋಣ

ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ನಮ್ಮಲ್ಲಿ ಗಾದೆ ಇದೆ. ಸೊಪ್ಪು ಅರೆಯುವಾಗ ಮಾತ್ರ ಕೋಳಿಯನ್ನು ಕೇಳಿಯೇ ಅರೆಯಬೇಕು. ಡ್ಯಾಮ್ ಮಾಡಿದ್ದೂ ಅದನ್ನೇ. ಕೇಳುವುದು ಹೇಗೆ? ಒಂದೇ ವಯಸ್ಸಿನ, ಒಂದೇ ತಳಿಯ 20 ಮರಿ ತೆಗೆದುಕೊಂಡು ಹತ್ತು ಹತ್ತಾಗಿ ಎರಡು ಕಡೆ ಬಿಡಿ. ಫೀಡ್, ಲಸಿಕೆ, ಜಾಗ ಎಲ್ಲಾ ಒಂದೇ ಇರಲಿ. ಒಂದು ಕಡೆಗೆ ಮಾತ್ರ ಸೊಪ್ಪಿನ ರಸ. ವಾರಕ್ಕೊಮ್ಮೆ ತೂಕ, ತಿಂದ ಫೀಡ್, ಇಟ್ಟ ಮೊಟ್ಟೆ, ಸತ್ತ ಕೋಳಿ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಬಾಟಲಿಯ ಮೇಲೆ ಬರೆದಿರುವುದಕ್ಕಿಂತ ಆ ಪುಸ್ತಕದಲ್ಲಿ ಬರೆದದ್ದನ್ನು ನಂಬಬಹುದು. ಒಬ್ಬರ ಹತ್ತು ಕೋಳಿಯ ಲೆಕ್ಕ ಅದೃಷ್ಟವೂ ಆಗಿರಬಹುದು. ಹತ್ತಾರು ಮನೆಯವರು ಬರೆದು ಒಟ್ಟಿಗೆ ಕೂತು ನೋಡಿದರೆ ನಿಜ ತಿಳಿಯುತ್ತದೆ. ಇದು ಒಬ್ಬರ ಕೈಯಲ್ಲಿ ಆಗದ, ಸಹಕಾರ ಸಂಘದಿಂದಲೇ ಆಗುವ ಕೆಲಸ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತರು ಒಬ್ಬೊಬ್ಬರಾಗಿ ಮೋಸ ಹೋಗಬಾರದೆಂದೇ. ಪ್ರತಿ ವರ್ಷ ನಮ್ಮ ಹಣದ ಲೆಕ್ಕ ಪರಿಶೋಧನೆ ತಪ್ಪದೆ ಮಾಡಿಸುತ್ತೇವೆ. ತಾರಸಿಯ ಮೇಲೆ ನಾಲ್ಕು ಕೋಳಿ ಸಾಕುವವರು, ಕನಕಪುರ ರಸ್ತೆಯ ಕಡೆ ಶೆಡ್ ಹಾಕಿರುವವರು ಎಲ್ಲರೂ ಸೇರಿ ಸೊಪ್ಪಿನ ಲೆಕ್ಕಕ್ಕೂ ಒಂದು ಪುಸ್ತಕ ಇಡೋಣ. ತೂಕದ ತಕ್ಕಡಿ ಹೇಗೂ ಸಂಘದಲ್ಲಿದೆ.